ದ್ಯಾಮಕ್ಕನ ಗೋಡೆ

ದ್ಯಾಮಕ್ಕ ನಡುಬೇಸಿಗೆಯಲ್ಲಿ ಮತ್ತೆ ಮತ್ತೆ ಸುಣ್ಣ ಕೊಳ್ಳುತ್ತಿದ್ದಾಳೆ ಎಂದು ನನಗೆ ಹೇಳಿದವಳು ಸುಣ್ಣ ಮಾರುವ ಗಿರಿಜವ್ವ. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಬುಟ್ಟಿ ಇಳಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡು, "ಹಬ್ಬ ಇಲ್ಲ, ಮದುವೆ ಇಲ್ಲ, ಯಾಕೆ ಬಳೀತಾಳೋ" ಎಂದಷ್ಟೇ ಅಂದು ಮುಂದಿನ ಓಣಿಗೆ ಹೋದಳು. ನಮ್ಮೂರಲ್ಲಿ ಯಾರಾದರೂ ಕಾಲವಲ್ಲದ ಕಾಲದಲ್ಲಿ ಗೋಡೆಗೆ ಸುಣ್ಣ ಬಳಿದರೆ ಅದರ ಅರ್ಥ ಒಂದೇ. ಅದನ್ನು ನನ್ನ ಕಿವಿಗೆ ಹಾಕಿದರೆ ಊರಿಗೆಲ್ಲ ಹೇಳಿದ ಹಾಗೆ, ಯಾಕೆಂದರೆ ನಾನು ಬುರುಡೆಮನೆಯಲ್ಲಿ ಕೆಲಸ ಮಾಡುವವಳು.

ನಮ್ಮೂರಲ್ಲಿ ಒಬ್ಬರು ಸತ್ತರೆ ಅವರ ಮನೆಯ ಗೋಡೆ ಬೆವರುತ್ತದೆ. ಮಣ್ಣಿನ ಗೋಡೆಯಾಗಲಿ, ಇಟ್ಟಿಗೆಯದಾಗಲಿ, ತೆಳ್ಳಗಿನ ಎಣ್ಣೆಯೊಂದು ಹನಿಹನಿಯಾಗಿ ಹೊರಬಂದು ಕೆಳಗಿಳಿಯುತ್ತದೆ. ಸತ್ತದ್ದು ಎಲ್ಲಿಯಾದರೂ ಇರಲಿ, ಹೊಲದಲ್ಲಿ, ಆಸ್ಪತ್ರೆಯಲ್ಲಿ, ಕಂಡುಕೇಳದ ಊರಿನಲ್ಲಿ, ಎಣ್ಣೆ ಬರುವುದು ಅವರು ಮಲಗುತ್ತಿದ್ದ ಮನೆಯಲ್ಲೇ. ಮನೆಯವರು ಅದನ್ನು ಹತ್ತಿಬಟ್ಟೆಯಲ್ಲಿ ಒತ್ತಿ, ಹಿಂಡಿ, ಪಾತ್ರೆಯಲ್ಲಿ ತುಂಬಿ ನಮ್ಮಲ್ಲಿಗೆ ತರುತ್ತಾರೆ. ನಾವು ಅದನ್ನು ಬೇರ್ಪಡಿಸುತ್ತೇವೆ. ಪೇರಲೆಹಣ್ಣಿನ ಆಕಾರದ ದೊಡ್ಡ ಗಾಜಿನ ಬುರುಡೆಗಳು ನಮ್ಮಲ್ಲಿವೆ. ಮೇಲೆ ಬಿರಡೆ, ಕೆಳಗೆ ಸಣ್ಣ ಮೂತಿ, ಮೂತಿಗೊಂದು ತಿರುಪು. ಎಣ್ಣೆಯನ್ನು ಈಥರಿನಲ್ಲಿ ಕರಗಿಸಿ ಬುರುಡೆಗೆ ಸುರಿದು, ಅಡುಗೆ ಸೋಡಾ ಕರಗಿಸಿದ ನೀರು ಹಾಕಿ ಕುಲುಕಿದರೆ, ಎಣ್ಣೆಯೊಳಗಿನ ಹುಳಿಯೆಲ್ಲ ಸೋಡಾ ನೀರಿಗೆ ಇಳಿಯುತ್ತದೆ. ಆ ನೀರನ್ನು ಕೆಳಗಿನ ಮೂತಿಯಿಂದ ಬಿಟ್ಟುಕೊಂಡು, ಉಳಿದದ್ದಕ್ಕೆ ತೆಳು ಆಸಿಡ್ ಹಾಕಿ ಕುಲುಕಿದರೆ ಕಹಿಯೆಲ್ಲ ಆಸಿಡ್ಡಿಗೆ ಇಳಿಯುತ್ತದೆ. ಹುಳಿಯೂ ಅಲ್ಲದ, ಕಹಿಯೂ ಅಲ್ಲದ ಒಂದು ಪಾಲು ಮೇಲೆ ಈಥರಿನಲ್ಲೇ ನಿಂತಿರುತ್ತದೆ. ಈಥರ್ ಹಾರಿಹೋದ ಮೇಲೆ ಉಳಿಯುವ ಆ ಪಾಲನ್ನು ಮನೆಯವರು ಒಯ್ದು ದೀಪ ಹಚ್ಚುತ್ತಾರೆ. ದೀಪ ತೀರಿದ ಮೇಲೆ ಗೋಡೆ ಒಣಗುತ್ತದೆ. ಹುಳಿಯನ್ನು ಮಣ್ಣು ಮಾಡುತ್ತೇವೆ. ಕಹಿಯನ್ನು ಊರಾಚೆಯ ಕಲ್ಲುಗುಂಡಿಗೆ ಸುರಿಯುತ್ತೇವೆ. ನನ್ನ ಅತ್ತೆಯ ಕಾಲದಲ್ಲೂ ಹೀಗೇ ಇತ್ತು. ಬೇರ್ಪಡಿಸದೆ ಬಿಟ್ಟ ಮನೆಗಳೂ ಊರಲ್ಲಿ ಕೆಲವಿವೆ. ಆ ಎಣ್ಣೆಯ ವಾಸನೆ ಕುಡಿದುಕೊಂಡು ಬಾಳುವವರಿಗೆ ಮೊದಲು ಹಸಿವು ಹೋಗುತ್ತದೆ, ಆಮೇಲೆ ಮಾತು ಹೋಗುತ್ತದೆ. ಹಾಗಾಗಿ ಅಂಥ ಮನೆಗಳ ಬಾಗಿಲಿಗೆ ಹಲಗೆ ಬಡಿಯುತ್ತಾರೆ.

ದ್ಯಾಮಕ್ಕನ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಮಗ ಪಾಲಾಕ್ಷ ಕಾಣೆಯಾಗಿದ್ದ, ಅಷ್ಟೆ. ಅವನು ಘಟ್ಟದಾಚೆಯ ಕಾರ್ಖಾನೆಯಿಂದ ನಮ್ಮ ಬುರುಡೆಮನೆಗೆ ಲಾರಿಯಲ್ಲಿ ಆಸಿಡ್ ಜಾಡಿಗಳನ್ನು ತರುತ್ತಿದ್ದ. ಚಳಿಗಾಲದಲ್ಲಿ ಹೋದವನು ಬರಲಿಲ್ಲ. ಹುಡುಕಲು ಹೋದವರಿಗೆ ಘಟ್ಟದ ತಿರುವಿನಲ್ಲಿ ಲಾರಿ ನಿಂತಿರುವುದು ಸಿಕ್ಕಿತು. ಬಾಗಿಲು ತೆರೆದಿತ್ತು. ಹುಲ್ಲಿನಲ್ಲಿ ಸುತ್ತಿಟ್ಟ ಜಾಡಿಗಳಲ್ಲಿ ಒಂದೂ ಒಡೆದಿರಲಿಲ್ಲ. ಅವನು ಮಾತ್ರ ಇರಲಿಲ್ಲ. ಕಣಿವೆಯೆಲ್ಲ ಹುಡುಕಿದರು, ಸಿಗಲಿಲ್ಲ. ಮನೆಯ ಗೋಡೆ ಒಣಗಿಯೇ ಇದ್ದುದರಿಂದ ಊರಿನವರು ಎಲ್ಲೋ ಇದ್ದಾನೆ ಅಂದುಕೊಂಡರು. ಸಾಲ ಮಾಡಿ ಓಡಿಹೋದ ಅಂದವರೂ ಇದ್ದರು, ಯಾರನ್ನೋ ಕಟ್ಟಿಕೊಂಡ ಅಂದವರೂ ಇದ್ದರು. ದ್ಯಾಮಕ್ಕ ಎಲ್ಲರ ಮಾತನ್ನೂ ಕೇಳಿಸಿಕೊಂಡಳು. ಕೆಟ್ಟವನು ಅನ್ನಿಸಿಕೊಂಡರೂ ಪರವಾಗಿಲ್ಲ, ಇದ್ದಾನಲ್ಲ ಎಂಬ ನೆಮ್ಮದಿ ಅವಳ ಮುಖದಲ್ಲಿ ಕಾಣುತ್ತಿತ್ತು.

ಅವಳೂ ನಾನೂ ಈ ಓಣಿಗೆ ಒಂದೇ ವರ್ಷ ಸೊಸೆಯರಾಗಿ ಬಂದವರು. ಎದುರುಬದುರು ಮನೆ. ನನ್ನ ಗಂಡ ಜ್ವರದಲ್ಲಿ ಹೋದಾಗ ನಮ್ಮ ಗೋಡೆಯ ಎಣ್ಣೆಯನ್ನೆಲ್ಲ ಒತ್ತಿ ತೆಗೆದವಳು ಅವಳೇ. ಗಿರಿಜವ್ವ ಹೇಳಿ ಹೋದ ದಿನ ಮಧ್ಯಾಹ್ನ ನಾನು ಓಣಿ ದಾಟಿ ಅವಳ ಮನೆಗೆ ಹೋದೆ. ಅವಳು ನಡುಮನೆಯಲ್ಲಿ ಸೀರೆ ಎತ್ತಿಕಟ್ಟಿಕೊಂಡು, ತೆಂಗಿನ ನಾರಿನ ಕುಂಚದಲ್ಲಿ ಗೋಡೆಗೆ ಸುಣ್ಣ ಎಳೆಯುತ್ತಿದ್ದಳು. ಮೇಲಿನಿಂದ ಎಳೆದುಕೊಂಡು ಬಂದಷ್ಟೂ ಅದು ಕೆಳಗೆ ಜಾರುತ್ತಿತ್ತು. ಎಣ್ಣೆಯ ಮೇಲೆ ಸುಣ್ಣ ಹಿಡಿಯುವುದಿಲ್ಲ.

"ಮಾಡು ಸೋರ್ತೈತೆ ಕಣೆ ನೀಲಾ" ಎಂದಳು, ತಿರುಗಿ ನೋಡದೆ.

"ಮಳೆ ಎಲ್ಲೈತೆ ದ್ಯಾಮಕ್ಕ?"

"ಹೋದ ಮಳೆಗಾಲದ್ದು. ಒಳಗೊಳಗೇ ನಿಂತಿದ್ದು ಈಗ ಇಳೀತೈತೆ."

ಅಡುಗೆಮನೆಯ ಬಾಗಿಲಲ್ಲಿ ಸೊಸೆ ವನಜ ನಿಂತಿದ್ದಳು. ಅವಳ ಕಂಕುಳಲ್ಲಿ ನಾಲ್ಕು ವರ್ಷದ ಕುಸುಮ, ತಾಯಿಯ ಹೆಗಲಿಗೆ ತಲೆ ಒರಗಿಸಿಕೊಂಡಿತ್ತು. ಆ ಮಗು ನನ್ನನ್ನು ಕಂಡರೆ ದೂರದಿಂದಲೇ ಬೆಲ್ಲ ಕೇಳುತ್ತಿತ್ತು. ಅವತ್ತು ಕೇಳಲಿಲ್ಲ. ವನಜ ನನ್ನನ್ನೇ ನೋಡಿದಳು.

ಮಾತಾಡಲು ಅವಳು ಮರುದಿನ ಬುರುಡೆಮನೆಗೇ ಬಂದಳು. ಈಥರಿಗೆ ಬೆಂಕಿ ತಾಗಬಾರದೆಂದು ನಮ್ಮಲ್ಲಿ ದೀಪ ಹಚ್ಚುವುದಿಲ್ಲ. ಹಗಲು ಬೆಳಕಿನಲ್ಲೇ ಎಲ್ಲ ಕೆಲಸ, ಅದಕ್ಕೇ ಕಿಟಕಿಗಳು ದೊಡ್ಡವು. ಅವಳು ಕಿಟಕಿಯ ಹತ್ತಿರ ಮಗುವನ್ನು ಕೂರಿಸಿ, ತಾನು ನಿಂತೇ ಮಾತಾಡಿದಳು.

"ನೀಲಕ್ಕ, ಹತ್ತು ದಿನದಿಂದ ಇದು ಸರಿಯಾಗಿ ಉಂಡಿಲ್ಲ. ಮೊನ್ನೆಯಿಂದ ಮಾತೂ ಇಲ್ಲ. ಕರೆದರೆ ನೋಡತೈತೆ, ಅಷ್ಟೇ."

"ಗೋಡೆ ಯಾವಾಗಿಂದ?"

"ಯುಗಾದಿ ಕಳೆದ ಮೇಲೆ. ಮೊದಲು ನಾವು ಮಲಗೋ ಕೋಣೇಲಿ. ಅತ್ತೆ ಸುಣ್ಣ ಬಳಿದರು. ಆಮೇಲೆ ನಡುಮನೇಲೂ ಶುರುವಾಯ್ತು."

"ನೀನೇನೂ ಅನ್ನಲಿಲ್ವಾ?"

"ಅಂದೆ. ಅದಕ್ಕೆ ಮೂರು ದಿನ ಉಪವಾಸ ಕೂತರು. ಗಂಡ ಸಾಯಲಿ ಅಂತ ಕಾಯ್ತಿದ್ದೀಯಾ ಅಂತ ಕೇಳಿದರು." ವನಜ ಮಗುವಿನ ತಲೆ ಸವರಿದಳು. "ನಾನು ಕಾಯ್ತಿಲ್ಲ ನೀಲಕ್ಕ. ಓಡಿಹೋದ ಅಂತಾರೆ, ಇನ್ನೊಬ್ಬಳನ್ನ ಇಟ್ಟುಕೊಂಡ ಅಂತಾರೆ. ನೀರಿಗೆ ಹೋದರೆ ಅಲ್ಲೂ ಅದೇ ಮಾತು. ಸತ್ತಿದ್ದರೆ ಸತ್ತ ಅಂತ ಅತ್ತುಬಿಡ್ತೀನಿ. ನನಗೆ ಗೊತ್ತಾಗಬೇಕು."

ಒಳಗಿನ ಕೋಣೆಯಿಂದ ಕರಿಬಸಪ್ಪ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಬುರುಡೆಮನೆಯ ಹಿರಿಯರು ಅವರು, ಹಲಗೆ ಬಡಿಸುವ ಮಾತು ಹೇಳಬೇಕಾದವರೂ ಅವರೇ. ಕೆಟ್ಟ ಮನುಷ್ಯರಲ್ಲ. ಹೊರಬಂದು ಮಗುವಿನ ಕೆನ್ನೆ ಮುಟ್ಟಿ ನೋಡಿದರು. ಮಗು ಕಣ್ಣು ಸಹ ಪಿಳುಕಿಸಲಿಲ್ಲ.

"ಹಂಗೆ ಬಿಡಾಕಾಗಲ್ಲ ನೀಲವ್ವ" ಎಂದರು. "ಈ ವಾರದಾಗೆ ಎಣ್ಣೆ ಬರಲಿ. ಬರಲಿಲ್ಲ ಅಂದರೆ ಮನೆ ಮುಚ್ಚಿಸ್ಬೇಕು. ಮುದುಕಿ ಹಟ ಮಾಡ್ತಾಳೆ ಅಂತ ಮಗೂನ ಕಳಕೊಳ್ಳಾಕಾಗಲ್ಲ."

ನಾನು ಸಂಜೆ ಹೋಗಿ ದ್ಯಾಮಕ್ಕನಿಗೆ ವಿಷಯ ಹೇಳಿದೆ. ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದಳು. ಕೈ ನಿಲ್ಲಿಸದೆ, "ಅದು ಎಣ್ಣೇನೇ ಅಲ್ಲ. ಬೇಕಿದ್ದರೆ ನೋಡಿಕೋ. ನಾನೇ ಒತ್ತಿ ತಂದುಕೊಡ್ತೀನಿ" ಎಂದಳು. ಅದು ನಿಜವೂ ಆಗಬಹುದಿತ್ತು. ಹಳೆಯ ತೊಲೆಗಳ ಅಂಟು ಕೆಲವೊಮ್ಮೆ ಬಿಸಿಲಿಗೆ ಕರಗಿ ಗೋಡೆಗೆ ಇಳಿಯುವುದುಂಟು, ಅಡುಗೆಮನೆಯ ಜಿಡ್ಡೂ ಹಾಗೇ. ಯಾವುದು ಏನು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಹುಳಿ ಇಳಿದ ಸೋಡಾ ನೀರಿಗೆ ಆಸಿಡ್ ಹನಿಸಿದಾಗ ಬಿಳಿ ಹರಳು ಉದುರಿದರೆ ಮಾತ್ರ ಸಾವು. ಉದುರದಿದ್ದರೆ ಬರೀ ಅಂಟು, ಬರೀ ಜಿಡ್ಡು.

ಎರಡು ದಿನದ ಮೇಲೆ ದ್ಯಾಮಕ್ಕ ತಾನೇ ತಂಬಿಗೆ ಹಿಡಿದುಕೊಂಡು ಬಂದಳು. ನಾನು ಎಣ್ಣೆಯನ್ನು ಈಥರಿನಲ್ಲಿ ಕರಗಿಸಿದೆ, ಬುರುಡೆಗೆ ಸುರಿದೆ, ಸೋಡಾ ನೀರು ಹಾಕಿ ಬಿರಡೆ ಒತ್ತಿ ಹಿಡಿದು ಮೆಲ್ಲಗೆ ಕುಲುಕಿದೆ. ತಲೆಕೆಳಗು ಮಾಡಿ ತಿರುಪು ಸಡಿಲಿಸಿದಾಗ ಒಳಗಿನ ಗಾಳಿ ಉಸ್ಸೆಂದು ಹೊರಬಂತು. ಮತ್ತೆ ಕುಲುಕಿ ನಿಲುವಿಗೆ ಸಿಕ್ಕಿಸಿದೆ. ಸಾಮಾನ್ಯವಾಗಿ ಒಂದು ಎಲೆಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ಮೇಲಿನದು ಮೇಲೆ, ಕೆಳಗಿನದು ಕೆಳಗೆ ನಿಂತು ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಅವತ್ತು ಗೆರೆ ಕಾಣಲಿಲ್ಲ. ಬುರುಡೆಯೆಲ್ಲ ಹಾಲಿನಂತೆ ಬೆಳ್ಳಗಾಯಿತು. ಮಧ್ಯಾಹ್ನದವರೆಗೆ ಕಾದೆವು. ಹಾಗೇ ಇತ್ತು. ಬಿಸಿಲು ಇಳಿದಾಗಲೂ ಹಾಗೇ ಇತ್ತು.

"ಬೇರೆ ಆಗಲಿಲ್ಲ" ಎಂದಳು ದ್ಯಾಮಕ್ಕ. ಅವಳ ದನಿಯಲ್ಲಿದ್ದದ್ದನ್ನು ನಾನು ಸಮಾಧಾನ ಅಂದುಕೊಂಡೆ.

"ಕೆಲವು ಸಲ ಹಿಂಗಾಗತೈತೆ. ನಾಳೆ ನೋಡಾನ."

ಮರುದಿನವೂ ಆಗಲಿಲ್ಲ. ಇನ್ನೊಂದು ತಂಬಿಗೆ ತರಿಸಿದೆ, ಅದೂ ಹಾಲಾಯಿತು. ಕರಿಬಸಪ್ಪ ಬುರುಡೆಯನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ವರ್ಷದಲ್ಲಿ ಹೀಗೆ ಕಂಡಿಲ್ಲ, ಮನೆ ಮುಚ್ಚಿಸುವುದೇ ಸರಿ ಎಂದರು. ವನಜ ತವರಿಗೆ ಹೊರಡುವುದಾಗಿ ಹೇಳಿದಳು. ಅವಳ ತವರಿನಲ್ಲಿ ಅಣ್ಣತಮ್ಮಂದಿರ ಸಂಸಾರವೇ ಇಕ್ಕಟ್ಟಿನಲ್ಲಿತ್ತು. ಹೋದರೆ ಅಲ್ಲಿ ಅವಳಿಗೆ ಸಿಗುವುದು ದನದ ಕೊಟ್ಟಿಗೆಯ ಪಕ್ಕದ ಜಗಲಿ ಎಂದು ಎಲ್ಲರಿಗೂ ಗೊತ್ತಿತ್ತು.

ಮೂರನೆಯ ತಂಬಿಗೆ ಬಂದ ದಿನ ನಾನು ಈಥರ್ ಹಾಕುವ ಮೊದಲು ಎಣ್ಣೆಯನ್ನು ಸುಮ್ಮನೆ ಒಂದು ಲೋಟದಲ್ಲಿ ಬಗ್ಗಿಸಿಕೊಂಡೆ. ಅಂಚಿನಲ್ಲಿ ಸಣ್ಣ ಸಣ್ಣ ನೊರೆ ನಿಂತಿತು. ಮೂಗಿಗೆ ಹಿಡಿದೆ. ಆ ಎಣ್ಣೆಗೆ ತನ್ನದೇ ಆದ ಒಂದು ವಾಸನೆ ಇದೆ, ಮುಚ್ಚಿಟ್ಟ ಟ್ರಂಕಿನೊಳಗಿನ ಬಟ್ಟೆಯ ಹಾಗೆ. ಅದರ ಅಡಿಯಲ್ಲಿ ಇನ್ನೊಂದಿತ್ತು. ಅಂಟುವಾಳಕಾಯಿ. ರೇಷ್ಮೆ ಸೀರೆ ಒಗೆಯುವಾಗ ಬರುವ ವಾಸನೆ. ನೊರೆ ಬಿಡುವಂಥದ್ದು ಒಂದಿಷ್ಟು ಸೇರಿದರೆ ಸಾಕು, ನೀರೂ ಎಣ್ಣೆಯೂ ಒಂದನ್ನೊಂದು ಬಿಡುವುದಿಲ್ಲ. ಅದು ಬುರುಡೆಮನೆಯಲ್ಲಿ ಮೊದಲ ವಾರ ಕೆಲಸ ಕಲಿಯುವವರಿಗೂ ಗೊತ್ತು. ದ್ಯಾಮಕ್ಕನಿಗೂ ಗೊತ್ತಿತ್ತು, ಯಾಕೆಂದರೆ ನನ್ನ ಗಂಡನ ಎಣ್ಣೆ ಬೇರ್ಪಡಿಸುವಾಗ ಪಾತ್ರೆಗಳನ್ನೆಲ್ಲ ಸೋಪು ಉಳಿಯದ ಹಾಗೆ ಮೂರು ನೀರಿನಲ್ಲಿ ಜಾಲಿಸಿಕೊಟ್ಟವಳು ಅವಳೇ.

ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಲೋಟ ಕೈಯಲ್ಲಿ ಹಿಡಿದುಕೊಂಡು ಅವಳ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ವನಜ ಹಿತ್ತಲಲ್ಲಿ ಬಟ್ಟೆ ಗಂಟು ಕಟ್ಟುತ್ತಿದ್ದಳು. ದ್ಯಾಮಕ್ಕ ಮಗ ಸೊಸೆಯ ಕೋಣೆಯಲ್ಲಿದ್ದಳು. ಗೋಡೆಯ ಕಡೆ ಮುಖ ಮಾಡಿ ಕೂತು, ಒದ್ದೆ ಗೋಡೆಗೆ ಕೆನ್ನೆ ಇಟ್ಟು, ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಕಿವಿ, ಕೂದಲು, ರವಿಕೆಯ ತೋಳು ಎಲ್ಲವೂ ಎಣ್ಣೆಯಲ್ಲಿ ನೆನೆದಿದ್ದವು. ಬಹಳ ಹೊತ್ತಿನಿಂದ ಹಾಗೇ ಇದ್ದಳೆಂದು ತೋರುತ್ತಿತ್ತು.

ನಾನು ಲೋಟವನ್ನು ನೆಲಕ್ಕಿಟ್ಟೆ. ಸದ್ದಿಗೆ ಕಣ್ಣು ತೆರೆದಳು, ಕೆನ್ನೆ ತೆಗೆಯಲಿಲ್ಲ.

"ಅಂಟುವಾಳ ಹಾಕಿದ್ದೀಯ" ಎಂದೆ.

"ಹೂಂ. ಬಟ್ಟೇನ ಅದರ ನೀರಲ್ಲಿ ಅದ್ದಿ ಒತ್ತಿದೆ."

"ಎಷ್ಟು ದಿನ ಹಿಂಗೆ ನಡೆಸ್ತೀಯ? ಇಲ್ಲದ್ದನ್ನ ಐತೆ ಅಂದರೆ ಅವನು ಬರ್ತಾನಾ?"

"ನನಗೇನು ಗೊತ್ತಿಲ್ಲ ಅಂದುಕೊಂಡೆಯಾ ನೀಲಾ?" ಅವಳ ದನಿ ಮೆಲ್ಲಗಿತ್ತು. "ಮೊದಲ ಹನಿ ಕಂಡಾಗಲೇ ಗೊತ್ತಾಯ್ತು. ಅಷ್ಟು ದಿನ ಎಲ್ಲಿದ್ದನೋ, ಯಾವ ಕಣಿವೇಲಿ ಬಿದ್ದಿದ್ದನೋ, ಯಾರ ಮನೆ ಜಗಲಿ ಮೇಲೆ ನರಳ್ತಿದ್ದನೋ. ಅವತ್ತು ಹೋದ. ನನ್ನ ಮಗ ಹೋದದ್ದು ನನಗೆ ಗೊತ್ತಾಗದೆ ನಿನ್ನ ಗಾಜಿನ ಬುರುಡೆ ಹೇಳ್ಬೇಕಾ?"

ನಾನು ಅವಳ ಪಕ್ಕ ಕೂತೆ.

"ಸುಣ್ಣ ಬಳಿದದ್ದು ಮೊದಮೊದಲು. ಆಗ ನನಗೂ ನೋಡಕ್ಕೆ ಆಗ್ತಿರಲಿಲ್ಲ. ಆಮೇಲೆ ಒಂದಿನ ಕೈ ಇಟ್ಟೆ. ಬೆಚ್ಚಗಿತ್ತು ಕಣೆ. ಸುಳ್ಳಲ್ಲ. ಈಗ ತಣ್ಣಗಾಗೈತೆ, ಆದರೂ ಒದ್ದೆ ಐತೆ. ನೀನು ಬೇರೆ ಮಾಡಿಕೊಟ್ಟರೆ, ದೀಪ ಹಚ್ಚಿದರೆ, ಇದು ಒಣಗತೈತೆ. ಒಣಗಿದ ಮೇಲೆ ನಾನು ಎಲ್ಲಿ ಕೈ ಇಡಲಿ?" ಅವಳು ಈಗ ಗೋಡೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು. ಅರ್ಧ ಮುಖ ಮಿರುಗುತ್ತಿತ್ತು. "ನಿನ್ನ ಮನೆ ಗೋಡೆ ಒಣಗಿ ಎಷ್ಟು ವರ್ಷ ಆಯ್ತು. ಈಗಲೂ ಅವನು ನೆನಪಿಗೆ ಬರ್ತಾನಾ?"

"ಬರ್ತಾನೆ" ಎಂದೆ. "ಆದರೆ ಅವನಿಗೆ ಬರಬೇಕು ಅನ್ನಿಸಿದಾಗ. ನನಗೆ ಬೇಕು ಅನ್ನಿಸಿದಾಗ ಅಲ್ಲ."

ಸುಳ್ಳು ಹೇಳಬಹುದಿತ್ತು. ಅವಳ ಎದುರು ಬಾಯಿ ಬರಲಿಲ್ಲ. ಅವಳು ತಲೆಯಾಡಿಸಿ ಮತ್ತೆ ಗೋಡೆಗೆ ತಿರುಗಿದಳು. ಲೋಟ ತೆಗೆದುಕೊಂಡು ಎದ್ದುಹೋಗೋಣ, ಕರಿಬಸಪ್ಪ ಏನು ಮಾಡುತ್ತಾರೋ ಮಾಡಲಿ ಎಂದುಕೊಂಡೆ. ಅವಳ ಗೋಡೆಯನ್ನು ಅವಳಿಂದ ಕಿತ್ತುಕೊಳ್ಳುವ ಗಟ್ಟಿತನ ನನ್ನಲ್ಲಿರಲಿಲ್ಲ.

ಅಷ್ಟರಲ್ಲಿ ಕುಸುಮ ಒಳಗೆ ಬಂತು. ನಮ್ಮಿಬ್ಬರನ್ನೂ ಲೆಕ್ಕಿಸದೆ ನೇರವಾಗಿ ಗೋಡೆಯ ಹತ್ತಿರ ಹೋಗಿ, ಅಜ್ಜಿಯ ಆಚೆ ಬದಿಗೆ ಕೂತು, ಅಜ್ಜಿಯ ಹಾಗೇ ಕೆನ್ನೆಯನ್ನು ಗೋಡೆಗೆ ಒತ್ತಿತು. ದಿನವೂ ಮಾಡಿ ಅಭ್ಯಾಸವಾದವರ ಹಾಗೆ, ಎಲ್ಲಿ ಒರಗಬೇಕೆಂದು ಹುಡುಕದೆ ಒರಗಿತು. ಕಣ್ಣು ತೆರೆದೇ ಇತ್ತು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಅಜ್ಜಿ ಮೊಮ್ಮಗಳು ಎದುರುಬದುರಾಗಿ ಮುಖ ಮಾಡಿ ಒಂದೇ ಗೋಡೆಗೆ ಅಂಟಿಕೊಂಡಂತಾಯಿತು.

"ಅಪ್ಪ ತಣ್ಣಗವ್ನೆ" ಎಂದಿತು ಮಗು.

ಎಷ್ಟೋ ದಿನದ ಮೇಲೆ ಆಡಿದ ಮಾತು. ಹಿತ್ತಲಲ್ಲಿದ್ದ ವನಜಳಿಗೂ ಕೇಳಿಸಿತು, ಅವಳು ಓಡಿಬಂದು ಬಾಗಿಲಲ್ಲಿ ನಿಂತಳು. ದ್ಯಾಮಕ್ಕ ಕದಲಲಿಲ್ಲ. ಮೊಮ್ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು, ಮಗುವನ್ನು ಗೋಡೆಯಿಂದ ಬಿಡಿಸಿದಳು. ಮಗು ಬರಲೊಲ್ಲದೆ ಕೈಚಾಚಿತು. ಅವಳು ಬಲವಂತವಾಗಿ ಎತ್ತಿಕೊಂಡು ತನ್ನ ಸೆರಗಿನಿಂದ ಅದರ ಕೆನ್ನೆ, ಕಿವಿ, ಕಣ್ರೆಪ್ಪೆ ಒರೆಸಿದಳು. ಸೆರಗೇ ಎಣ್ಣೆಯಾಗಿದ್ದರಿಂದ ಒರೆಸಿದಷ್ಟೂ ಹರಡುತ್ತಿತ್ತು.

"ವನಜಾ, ಒಣಗಿದ ಬಟ್ಟೆ ತಗೊಂಡು ಬಾ" ಎಂದಳು. "ಮಗೂನ ಕರ್ಕೊಂಡು ನೀಲನ ಮನೇಲಿ ಮಲಗು ಇವತ್ತು."

ಮರುದಿನ ಬೆಳಿಗ್ಗೆ ಬಿಸಿಲು ಕಿಟಕಿಗೆ ಬರುವ ಮೊದಲೇ ದ್ಯಾಮಕ್ಕ ಬುರುಡೆಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ವನಜ. ತಂಬಿಗೆಯ ಬಾಯಿಗೆ ಬಾಳೆಎಲೆ ಕಟ್ಟಿತ್ತು. ಬಿಚ್ಚಿ ನೋಡಿದೆ. ಎಣ್ಣೆ ತಿಳಿಯಾಗಿತ್ತು. ಅಂಚಿನಲ್ಲಿ ನೊರೆ ಇರಲಿಲ್ಲ.

ಅವತ್ತು ಬುರುಡೆಯಲ್ಲಿ ಗೆರೆ ಬೇಗನೇ ಮೂಡಿತು. ಹುಳಿ ಇಳಿದ ನೀರನ್ನು ಒಂದು ಗಾಜಿನ ಪಾತ್ರೆಗೆ ಬಿಟ್ಟುಕೊಂಡೆ, ಕಹಿ ಇಳಿದದ್ದನ್ನು ಇನ್ನೊಂದಕ್ಕೆ. ಮೇಲೆ ಉಳಿದದ್ದನ್ನು ಅಗಲ ತಟ್ಟೆಯಲ್ಲಿ ಸುರಿದು ಕಿಟಕಿಯ ಗಾಳಿಗೆ ಇಟ್ಟೆ. ಈಥರ್ ಹಾರುವಾಗ ತಟ್ಟೆ ಎಷ್ಟು ತಣ್ಣಗಾಗುತ್ತದೆಂದರೆ ಅದರ ಹೊರಮೈಯಲ್ಲಿ ಹನಿ ಕೂರುತ್ತದೆ. ವನಜ ಅದನ್ನೇ ನೋಡುತ್ತಿದ್ದಳು. ಆಸಿಡ್ ಜಾಡಿಯ ಬಿರಡೆ ತೆಗೆದೆ. ಪಾಲಾಕ್ಷ ಕೊನೆಯ ಸಲ ತರುವಾಗ ಘಟ್ಟದಲ್ಲಿ ಬಿಟ್ಟುಹೋದ ಜಾಡಿಗಳಲ್ಲಿ ಅದೂ ಒಂದು, ಹುಲ್ಲಿನ ಕಡ್ಡಿ ಇನ್ನೂ ಅಂಟಿಕೊಂಡಿತ್ತು. ನಾನು ಅದನ್ನು ಯಾರಿಗೂ ಹೇಳಲಿಲ್ಲ.

ಹುಳಿಯ ನೀರಿಗೆ ಆಸಿಡ್ ಹನಿಸುವುದು ಮನೆಯವರ ಕೆಲಸ. ನಾವು ಮಾಡುವ ಹಾಗಿಲ್ಲ. ದ್ಯಾಮಕ್ಕನ ಕಡೆ ಗಾಜಿನ ಕೊಳವೆ ಚಾಚಿದೆ. ಅವಳು ತೆಗೆದುಕೊಳ್ಳದೆ ಸೊಸೆಯ ಕಡೆ ತೋರಿಸಿದಳು.

"ಗೊತ್ತಾಗಬೇಕು ಅಂದವಳು ನೀನು. ನೀನೇ ಹಾಕು."

ಮಾತಿನಲ್ಲಿ ಕೊಂಕು ಇತ್ತೋ ಇಲ್ಲವೋ, ವನಜ ಕೊಳವೆ ತೆಗೆದುಕೊಂಡಳು. ಮೊದಲ ಹನಿಗೆ ನೀರು ಸೊರ್ರೆಂದು ನೊರೆಯುಕ್ಕಿ ಅಡಗಿತು. ಎರಡನೆಯದಕ್ಕೂ ಹಾಗೇ. ಒಂದೊಂದು ಹನಿಗೂ ಕಾದು ಹಾಕುತ್ತಾ ಹೋದಳು. ನೀರು ತಿಳಿಯಾಗಿಯೇ ಇತ್ತು. ಒಂದು ಹಂತದಲ್ಲಿ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಒಂದು ಆಸೆ ಹುಟ್ಟಿಬಿಟ್ಟಿತ್ತು. ಓಡಿಹೋಗಿರಲಿ, ಇನ್ನೊಬ್ಬಳ ಜೊತೆಗಿರಲಿ ಎಂಬ ಆಸೆ. ನಾನು ಲಿಟ್ಮಸ್ ಕಾಗದ ಅದ್ದಿ ನೋಡಿದೆ, ಅದಿನ್ನೂ ಕೆಂಪಾಗಿರಲಿಲ್ಲ. "ಇನ್ನೂ ಹಾಕಬೇಕು" ಎಂದೆ.

ಮುಂದಿನ ಹನಿಗೆ ನೀರು ಮಸುಕಾಯಿತು. ಅದರ ಮುಂದಿನದಕ್ಕೆ ಬಿಳಿ ಹರಳುಗಳು ಕಾಣಿಸಿಕೊಂಡು, ತಿರುಗುತ್ತಾ, ನಿಧಾನವಾಗಿ ತಳಕ್ಕೆ ಇಳಿದವು.

ವನಜ ಕೊಳವೆಯನ್ನು ಮೇಜಿನ ಮೇಲೆ ಸರಿಯಾಗಿಯೇ ಇಟ್ಟಳು. ಅಷ್ಟು ತಿಂಗಳು ನೀರಿನ ಕಟ್ಟೆಯಲ್ಲೂ ಅಂಗಡಿಯಲ್ಲೂ ಮುಖ ಗಟ್ಟಿ ಮಾಡಿಕೊಂಡು ತಿರುಗಿದವಳು ನೆಲದ ಮೇಲೆ ಮುದುಡಿ, ದನಿ ತೆಗೆಯಲಾರದೆ ಅತ್ತಳು. ದ್ಯಾಮಕ್ಕ ಪಕ್ಕದಲ್ಲಿ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ತಾನು ಅಳಲಿಲ್ಲ. ಹೆಗಲಿಗೆ ತಟ್ಟುತ್ತಾ, "ಆಯ್ತು, ಆಯ್ತು" ಎನ್ನುತ್ತಿದ್ದಳು, ಹಸುಗೂಸನ್ನು ಸಮಾಧಾನ ಮಾಡುವ ಹಾಗೆ.

ಪಾಲಾಕ್ಷನ ಹರಳು ಬಹಳ ಕಡಿಮೆ. ಒಂದು ಹಿಡಿ ಮಣ್ಣು ತೋಡಿ ಮುಚ್ಚುವಷ್ಟು. ಕಹಿಯೇ ಹೆಚ್ಚು. ಎರಡನೆಯ ಪಾತ್ರೆಗೆ ಕಾಸ್ಟಿಕ್ ಸೋಡಾ ಹಾಕಿದಾಗ ಹಳದಿ ಎಣ್ಣೆ ಮೇಲೆದ್ದು ಪಾತ್ರೆಯ ಅರ್ಧದಷ್ಟು ನಿಂತಿತು, ಹಸಿಮೀನಿನಂಥ ವಾಸನೆ ಕೋಣೆ ತುಂಬಿತು. ಹುಳಿ ಅಂದರೆ ಸತ್ತವರು ಬಾಯಿಬಿಟ್ಟು ಆಡಿದ್ದು, ಕಹಿ ಅಂದರೆ ಆಡದೆ ನುಂಗಿದ್ದು ಎಂದು ಊರಲ್ಲಿ ಹೇಳುತ್ತಾರೆ. ಅದು ಎಷ್ಟು ನಿಜವೋ ನನಗೆ ತಿಳಿಯದು. ವನಜ ಪಾತ್ರೆಯನ್ನು ನೋಡಿ, "ಇಷ್ಟೊಂದಾ" ಎಂದಳು. "ಮನೇಲಿ ಒಂದಿನಾನೂ ಏನೂ ಅಂದವರಲ್ಲ. ಊಟ ಆಯ್ತಾ ಅಂದರೆ ಆಯ್ತು, ಸುಸ್ತಾ ಅಂದರೆ ಇಲ್ಲ." ಕರಿಬಸಪ್ಪ ಪಾತ್ರೆಗೆ ಬಟ್ಟೆ ಮುಚ್ಚಿ ಕಲ್ಲುಗುಂಡಿಗೆ ತೆಗೆದುಕೊಂಡು ಹೋದರು.

ದೀಪದ ಎಣ್ಣೆ ಒಂದು ಸಣ್ಣ ಬಟ್ಟಲಿನಷ್ಟು ಸಿಕ್ಕಿತ್ತು. ಅವತ್ತು ಸಂಜೆ ಹಚ್ಚಿದ್ದು ಮರುದಿನ ಬೆಳಿಗ್ಗೆ ತಾನಾಗಿ ಆರಿತು. ಬಾಗಿಲಿಗೆ ಹಲಗೆ ಬಡಿಯುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ವನಜ ಕಟ್ಟಿದ ಗಂಟನ್ನು ಬಿಚ್ಚಿದಳೋ ಇಲ್ಲವೋ ನಾನು ಕೇಳಲಿಲ್ಲ, ಅದು ಹಿತ್ತಲಿನಿಂದ ಒಳಗೆ ಬಂದು ಮೂಲೆಯಲ್ಲಿ ಕೂತದ್ದನ್ನು ಮಾತ್ರ ನೋಡಿದೆ. ಗೋಡೆ ಕೆಳಗಿನಿಂದ ಮೇಲಕ್ಕೆ ಒಣಗುತ್ತಾ ಹೋಯಿತು. ಹೊತ್ತೇರಿದಂತೆ ನಡುಮನೆ ಒಣಗಿತು, ಆಮೇಲೆ ಕೋಣೆಯ ಕೆಳಭಾಗ, ಆಮೇಲೆ ಎದೆಮಟ್ಟ. ದ್ಯಾಮಕ್ಕ ಅದರ ಹಿಂದೆಯೇ ಕೈ ಸರಿಸಿಕೊಂಡು ಹೋಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ತೊಲೆಯ ಕೆಳಗೆ ಒಂದು ಅಂಗೈಯಗಲದ ತೇವ ಮಾತ್ರ ಉಳಿದಿತ್ತು. ಅವಳು ಸ್ಟೂಲು ಎಳೆದು ಅದರ ಮೇಲೆ ಹತ್ತಿ, ಕೈ ಎತ್ತಿ ಅಲ್ಲಿ ಇಟ್ಟುಕೊಂಡು ನಿಂತಳು. ನಾನು ಸ್ಟೂಲು ಅಲುಗಾಡದ ಹಾಗೆ ಹಿಡಿದುಕೊಂಡಿದ್ದೆ. ತೋಳು ನೋಯುತ್ತಿರಬೇಕು, ಬಲಗೈ ಇಳಿಸದೆ ಎಡಗೈಯಿಂದ ಅದಕ್ಕೆ ಆಸರೆ ಕೊಟ್ಟಳು.

"ಅಜ್ಜೀ" ಎಂದಿತು ಅಡುಗೆಮನೆಯ ಕಡೆಯಿಂದ ಸಣ್ಣ ದನಿ. "ಅನ್ನ."

ದ್ಯಾಮಕ್ಕ ತಿರುಗಿ ನೋಡಿದಳು. ವನಜ ನೀರಿಗೆ ಹೋಗಿದ್ದಳು. ಮಗು ಬಾಗಿಲಿಗೆ ಬಂದು ಹೊಸಿಲ ಮೇಲೆ ನಿಂತು ಮತ್ತೊಮ್ಮೆ ಅದನ್ನೇ ಹೇಳಿತು. ದ್ಯಾಮಕ್ಕ ಕೈಯನ್ನೂ ನೋಡಿದಳು, ಮಗುವನ್ನೂ ನೋಡಿದಳು.

"ನೀಲಾ, ನೀನು ಹತ್ತು" ಎಂದಳು. "ನಿನ್ನ ಕೈ ಇಲ್ಲಿಡು. ಎರಡು ತುತ್ತು ತಿನ್ನಿಸಿ ಬಂದುಬಿಡ್ತೀನಿ."

ಅವಳು ಇಳಿದಳು, ನಾನು ಹತ್ತಿದೆ. ಅವಳ ಕೈ ಇದ್ದ ಕಡೆ ನನ್ನ ಅಂಗೈ ಒತ್ತಿದೆ. ತಣ್ಣಗೆ, ಜಿಡ್ಡಾಗಿ, ಅಷ್ಟೇ ಅಷ್ಟು ತೇವ. ಅಡುಗೆಮನೆಯಿಂದ ಅನ್ನಕ್ಕೆ ಮಜ್ಜಿಗೆ ಕಲೆಸುವ ಸದ್ದು, ತಟ್ಟೆಗೆ ಬಳೆ ತಾಗುವ ಸದ್ದು ಬರುತ್ತಿತ್ತು. "ಬಾಯಿ ತೆಗಿ. ಇನ್ನೊಂದು. ನಿಮ್ಮಪ್ಪನೂ ಹಿಂಗೇ, ಕಡೆ ತುತ್ತು ಬಾಯಲ್ಲೇ ಇಟ್ಟುಕೊಂಡು ಓಡ್ತಿದ್ದ" ಎನ್ನುತ್ತಿದ್ದಳು. ನನ್ನ ಬೆರಳ ತುದಿಗಳು ಮೊದಲು ಒಣಗಿದವು. ಆಮೇಲೆ ಅಂಗೈಯ ಅಂಚು. ನಡುವೆ ಒಂದು ಕಾಸಿನಗಲ ಸ್ವಲ್ಪ ಹೊತ್ತು ಉಳಿಯಿತು. ಅದನ್ನು ಹಿಡಿದಿಡುವ ಹಾಗೆ ನಾನು ಇನ್ನೂ ಗಟ್ಟಿಯಾಗಿ ಒತ್ತಿದೆ. ಆಮೇಲೆ ಅಂಗೈ ಕೆಳಗೆ ಬರೀ ಸುಣ್ಣದ ಪುಡಿ ತಾಗಿತು.

ದ್ಯಾಮಕ್ಕ ತೊಳೆದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಬಂದು ಕೆಳಗೆ ನಿಂತಳು.

"ಐತಾ?" ಎಂದಳು.

"ಈಗ ಹೋಯ್ತು."

ಅವಳು ಸ್ವಲ್ಪ ಹೊತ್ತು ಮೇಲೆಯೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ಕೈ ಚಾಚಿದಳು.

"ಇಳಿ" ಎಂದಳು. "ತಟ್ಟೆ ತುಂಬಾ ಉಂಡೈತೆ ಅದು. ನೀನೂ ಬಾ, ಅನ್ನ ಮಿಕ್ಕೈತೆ."